ಇಪ್ಪತ್ತಾರು ಸೊನ್ನೆ

ಹತ್ತು ಗಂಟೆಗೆ ಬರುತ್ತೇನೆ ಎಂದಿದ್ದವಳು ನಿಜವಾಗಿಯೂ ಬಂದುಬಿಟ್ಟರೆ ಏನು ಗತಿ ಎಂದು ಅವನಿಗೆ ಎಂಟು ಗಂಟೆಗೇ ದಿಗಿಲು ಹತ್ತಿತು. ಮುಂದಿನ ಕೋಣೆಯ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಮೂರು ತೂಕದ ಯಂತ್ರಗಳನ್ನು ಮಂಚದ ಕೆಳಗೆ ತಳ್ಳಿ ಮೇಜು ಒರೆಸಿದ. ಆಮೇಲೆ, ತನ್ನ ಕಸುಬನ್ನು ತಾನೇ ಯಾಕೆ ಬಚ್ಚಿಡಬೇಕು, ಕದ್ದ ಮಾಲೇನೂ ಅಲ್ಲವಲ್ಲ ಎನಿಸಿ ಒಂದನ್ನು ಎಳೆದು ಮತ್ತೆ ಮೇಲಿಟ್ಟ. ಒಂದೇ ಇಟ್ಟರೆ ಬೇಕಂತಲೇ ಇಟ್ಟಂತೆ ಕಾಣಿಸಿತು. ಅದನ್ನೂ ಕೆಳಗೆ ತಳ್ಳಿದ. ಹೆಂಡತಿ ಇದ್ದಿದ್ದರೆ "ಏನ್ರೀ, ಮಂತ್ರಿಗಳು ಬರ್ತಿದಾರಾ?" ಎಂದು ನಗುತ್ತಿದ್ದಳು. ಅವಳು ಹೋಗಿ ಆರು ವರ್ಷ. ಅಲ್ಲಿಂದ ಈಚೆಗೆ ಈ ಮನೆಯ ಬಾಗಿಲು ಬಡಿಯುವವರೆಲ್ಲ ಕಂಕುಳಲ್ಲಿ ತೂಕದ ಯಂತ್ರ ಇಟ್ಟುಕೊಂಡೇ ಬರುವವರು. "ಒಂದು ಕೆಜಿ ಇಟ್ರೆ ಮುಕ್ಕಾಲು ತೋರಿಸುತ್ತೆ" ಎಂದು ತರಕಾರಿಯವನು ದೂರುತ್ತಾನೆ, ಕಾಲು ಕೆಜಿ ಹೆಚ್ಚು ತೋರಿಸಿದರೆ ಅವನೇನೂ ರಿಪೇರಿಗೆ ತರುವವನಲ್ಲ. ಹತ್ತು ನಿಮಿಷ ಕೂರುತ್ತಾರೆ, ಹೋಗುತ್ತಾರೆ. ಮೂರು ದಿನದ ಹಿಂದೆ ಫೋನಿನಲ್ಲಿ ಒಂದು ಹೆಂಗಸಿನ ದನಿ, "ಸರ್, ಹುಳದ ಆಟ ಬರೆದವರು ನೀವೇನಾ?" ಎಂದಾಗ ಅವನಿಗೆ ಒಂದು ಕ್ಷಣ ಯಾವ ಹುಳ ಎಂದೇ ತಿಳಿಯಲಿಲ್ಲ. ತಿಳಿದ ಮೇಲೆ "ಹೌದು" ಎಂದ. ಎಷ್ಟು ಬೇಗ ಎಂದುಬಿಟ್ಟೆ ಎಂದು ಆಮೇಲೆ ನಾಚಿಕೆಯಾಯಿತು. ಮೂವತ್ತೆಂಟು ವರ್ಷ ಯಾರೂ ಕೇಳದ ಪ್ರಶ್ನೆಗೆ ಉತ್ತರವನ್ನು ನಾಲಿಗೆ ತುದಿಯಲ್ಲೇ ಇಟ್ಟುಕೊಂಡು ಕೂತಿದ್ದವನ ಹಾಗೆ.

ಅವಳು ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದಳು. ಸಂಗ್ರಹಾಲಯದವಳು. ಹಳೆಯ ಕಂಪ್ಯೂಟರುಗಳನ್ನೂ ಅವುಗಳ ಆಟಗಳನ್ನೂ ಕೂಡಿಸಿ ಜನರಿಗೆ ತೋರಿಸುವುದು ಅವಳ ಕೆಲಸವಂತೆ. ಅದಕ್ಕೂ ಸಂಬಳ ಕೊಡುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. ಮೂವತ್ತರ ಆಸುಪಾಸು, ಕೂದಲು ಗಿಡ್ಡ, ಮಾತು ಉದ್ದ. ಚೀಲದಿಂದ ಒಂದೊಂದೇ ತೆಗೆದು ಮೇಜಿನ ಮೇಲೆ ಜೋಡಿಸಿದಳು. ಚಪ್ಪಟೆ ಕಪ್ಪು ಕಂಪ್ಯೂಟರು, ಒಂದು ದಪ್ಪ ಪುಸ್ತಕದಷ್ಟೇ ಗಾತ್ರದ್ದು, ರಬ್ಬರಿನ ಕೀಲಿಗಳು. ಪಕ್ಕದಲ್ಲಿ ಟೇಪ್‌ರೆಕಾರ್ಡರು. ಪುಟ್ಟ ಟಿವಿ. "ಇದೇ ತಾನೇ ಸರ್ ನಿಮ್ಮ ಮಾಡೆಲ್ಲು?" ಅವನು ತಲೆಯಾಡಿಸಿದ. ಕೀಲಿಯ ಮೇಲೆ ಬೆರಳಿಟ್ಟ. ಇಷ್ಟು ಚಿಕ್ಕದಾಗಿತ್ತೇ ಇದು? ಮನೆಯಲ್ಲಿ ಇದಕ್ಕಾಗಿ ಒಂದು ಇಡೀ ಮೂಲೆ ಬಿಟ್ಟುಕೊಟ್ಟಿದ್ದರು, ಅಪ್ಪ ಅದರ ಹತ್ತಿರ ಹೋಗುವಾಗ ಚಪ್ಪಲಿ ಬಿಡುತ್ತಿದ್ದರು. ಅವಳು ಕ್ಯಾಸೆಟ್ಟು ಹಾಕಿ ಗುಂಡಿ ಒತ್ತಿದಳು. ಕೀರಲು ದನಿ ಶುರುವಾಯಿತು. ಆಟ ಟೇಪಿನಿಂದ ಕಂಪ್ಯೂಟರಿನೊಳಗೆ ಇಳಿಯಲು ನಾಲ್ಕು ನಿಮಿಷ ಬೇಕು, ಅಷ್ಟು ಹೊತ್ತೂ ಹೀಗೇ ಕಿರುಚುತ್ತದೆ, ಪರದೆಯ ಅಂಚಿನಲ್ಲಿ ಹಳದಿ ನೀಲಿ ಪಟ್ಟೆಗಳು ಓಡುತ್ತವೆ. ಅಕ್ಕ ಆಗ ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಿದ್ದಳು. "ಇದರ ಗಂಟಲು ಹರೀಲಿ. ಲೋ, ಕೆಮ್ಮಿನ ಔಷಧಿ ಆದ್ರೂ ಕುಡಿಸೋ ಅದಕ್ಕೆ!" ಎನ್ನುತ್ತಿದ್ದಳು. ಆದರೆ ಎದ್ದು ಹೋಗುತ್ತಿರಲಿಲ್ಲ. ತೊಡೆಯ ಮೇಲೆ ಗ್ರಾಫ್ ಹಾಳೆ, ಕೈಯಲ್ಲಿ ಪೆನ್ಸಿಲು.

ಅಕ್ಕನಿಗೆ ಕಂಪ್ಯೂಟರಿನ ಗಂಧಗಾಳಿ ಇರಲಿಲ್ಲ. ಅವಳದು ಕ್ರಾಸ್ ಸ್ಟಿಚ್ ಕಸೂತಿ. ದಿಂಬಿನ ಗವಸಿಗೆ, ಮೇಜಿನ ಹೊದಿಕೆಗೆ ಗ್ರಾಫ್ ಹಾಳೆಯಲ್ಲಿ ಮನೆ ಎಣಿಸಿ ಚಿತ್ರ ಬಿಡಿಸಿ, ಆ ಹಾಳೆಗಳನ್ನು ಹೊಲಿಗೆ ಅಂಗಡಿಗಳಿಗೆ ಕೊಡುತ್ತಿದ್ದಳು. ಅವನು ಎಂಟು ಮನೆ ಅಗಲ ಎಂಟು ಮನೆ ಉದ್ದದಲ್ಲಿ ಒಂದು ಶತ್ರುವಿಮಾನ ಬರೆಯಲು ಒದ್ದಾಡುತ್ತಿದ್ದಾಗ ಅವಳು ಹಿಂದಿನಿಂದ ಬಗ್ಗಿ ನೋಡಿ, "ಇದೇನು ವಿಮಾನವೋ, ತುಳಿದ ಟೊಮ್ಯಾಟೊವೋ?" ಎಂದಳು. ಪೆನ್ಸಿಲು ಕಿತ್ತುಕೊಂಡಳು. ಎರಡು ನಿಮಿಷದಲ್ಲಿ ಒಂದು ದೀಪದ ಹುಳ ಬರೆದಳು, ರೆಕ್ಕೆ ಬಿಚ್ಚಿದ್ದು ಒಂದು, ಮಡಿಸಿದ್ದು ಒಂದು. ಎರಡನ್ನೂ ಒಂದಾದ ಮೇಲೊಂದು ತೋರಿಸಿದರೆ ಪರದೆಯ ಮೇಲೆ ಹುಳ ಹಾರಿತು. ಇಬ್ಬರೂ ಕಿರುಚಿಕೊಂಡರು. ವಿಮಾನದ ಆಟ ಹುಳದ ಆಟವಾದದ್ದು ಹಾಗೆ. ಸಾಲಾಗಿ ಬಂದು ಸಾಲಾಗಿ ಇಳಿಯುವ ಹುಳಗಳನ್ನು ಕೆಳಗಿನ ಬಂದೂಕು ಹೊಡೆಯುವುದು, ಎಲ್ಲರೂ ಮಾಡುತ್ತಿದ್ದದ್ದು ಅದೇ. ಅಕ್ಕ, "ಹುಳ ಎಲ್ಲಾದ್ರೂ ಸ್ಕೂಲ್ ಮಕ್ಕಳ ಥರ ಸಾಲಾಗಿ ಬರುತ್ತಾ?" ಎಂದು ವರಾಂಡದ ದೀಪದ ಕೆಳಗೆ ಕುರ್ಚಿ ಹಾಕಿಕೊಂಡು ನಾಲ್ಕು ಸಂಜೆ ಹುಳಗಳನ್ನೇ ನೋಡುತ್ತ ಕೂತಳು. ಎರಡು ಮನೆ ಬಲಕ್ಕೆ, ಒಂದು ಕೆಳಕ್ಕೆ, ಮೂರು ಎಡಕ್ಕೆ, ಸುತ್ತು, ಸುತ್ತು, ಆಮೇಲೆ ಕಲ್ಲು ಬಿದ್ದ ಹಾಗೆ ಧೊಪ್ಪನೆ ನೇರ ಕೆಳಕ್ಕೆ. ಅವಳು ಹೇಳಿದಳು, ಅವನು ಅಂಕಿ ಮಾಡಿ ತುಂಬಿದ. ಅಷ್ಟೇ.

"ಬಂತು ಬಂತು!" ಎಂದಳು ಸಂಗ್ರಹಾಲಯದವಳು. ಕಿರುಚಾಟ ನಿಂತು ಪರದೆಯ ಮೇಲೆ ಆಟದ ಹೆಸರು, ಅದರ ಕೆಳಗೆ ಅವನ ಹೆಸರು. ಅವಳು ಫೋನಿನಲ್ಲಿ ವಿಡಿಯೊ ಹಿಡಿದು, "ಆಡಿ ಸರ್, ಒಂದಾಟ" ಎಂದಳು. ಅವನು ಕೈ ಒರೆಸಿಕೊಂಡು ಕೂತ. ಮೊದಲ ಹುಳವೇ ಸುತ್ತಿ ಸುತ್ತಿ ಬಂದು ಬಂದೂಕಿನ ನೆತ್ತಿಯ ಮೇಲೆ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದಕ್ಕೆ ಆಟವೇ ಮುಗಿಯಿತು. ಅರ್ಧ ನಿಮಿಷವೂ ಆಗಿರಲಿಲ್ಲ. "ಅಯ್ಯೋ ಸರ್, ನೀವೇ ಸಾಕಿದ ಹುಳ ನಿಮ್ಮನ್ನೇ ತಿಂತಲ್ಲ!" ಎಂದು ಅವಳು ನಕ್ಕಳು. ಕೆಟ್ಟ ನಗುವಲ್ಲ. ಆದರೂ ಅವನ ಕಿವಿ ಬಿಸಿಯಾಯಿತು. ಅವಳು ಕೂತು ಆಡಿದಳು, ಹುಳ ಯಾವಾಗ ಸುತ್ತುತ್ತದೆ, ಯಾವಾಗ ಬೀಳುತ್ತದೆ ಎಂಬುದು ಅವಳ ಬೆರಳಿಗೇ ಗೊತ್ತಿತ್ತು. ಆಡುತ್ತಲೇ ಹೇಳಿದಳು: "ಆ ಕಾಲದ ಹೊಡೆದಾಟದ ಆಟ ಮುನ್ನೂರು ನೋಡಿದೀನಿ ಸರ್. ಒಂದರಲ್ಲೂ ಶತ್ರುಗಳು ಹಿಂಗೆ ಬರಲ್ಲ. ಇದು ನಿಜವಾಗ್ಲೂ ಹುಳ. ಈ ಚಿತ್ರ, ಈ ಓಡಾಟ, ಇದನ್ನ ಯಾರು ಮಾಡಿದ್ದು?"

"ನಾನೇ" ಎಂದ.

ಬಾಯಿಂದ ಬಿದ್ದ ಮೇಲೆ ಕೇಳಿಸಿತು. ಅವಳು ಹುಳ ಹೊಡೆಯುತ್ತಿದ್ದವಳು ತಿರುಗಿ ಕೂಡ ನೋಡಲಿಲ್ಲ. ನಂಬುವುದಕ್ಕೆ ಎಷ್ಟು ಸುಲಭದ ಮಾತು ಅದು. ಟೀ ತರುತ್ತೇನೆಂದು ಅವನು ಅಡುಗೆಮನೆಗೆ ಎದ್ದುಹೋದ. ನೀರಿಟ್ಟು ನಿಂತವನಿಗೆ ರೇಡಿಯೊ ಅಂಗಡಿಯವರ ಹಲ್ಲು ನೆನಪಿಗೆ ಬಂತು. ಊರಿನಲ್ಲಿ ಇಂಥ ಕಂಪ್ಯೂಟರು ಮಾರುತ್ತಿದ್ದದ್ದು ಅವರೊಬ್ಬರೇ, ಸಂಜೆಯಾದರೆ ಇಪ್ಪತ್ತರ ಹುಡುಗರೆಲ್ಲ ಅವರ ಗಾಜಿನ ಪೆಟ್ಟಿಗೆಯ ಸುತ್ತ ಇರುವೆಗಳ ಹಾಗೆ ಮುತ್ತುತ್ತಿದ್ದರು. ಅವನು ಆಟ ಮುಗಿಸಿ, ಮೊದಲ ಪರದೆಯಲ್ಲಿ ಎರಡು ಹೆಸರು ಹಾಕಿ, ಅಕ್ಕ ದೊಡ್ಡವಳೆಂದು ಅವಳದನ್ನು ಮೇಲಿಟ್ಟು, ಕ್ಯಾಸೆಟ್ಟು ಹಿಡಿದುಕೊಂಡು ಅಲ್ಲಿಗೆ ಹೋಗಿದ್ದ. ಆಟ ಆಡುವ ಮೊದಲೇ ಅವರು ಹೆಸರು ಓದಿದರು. "ಏನಪ್ಪಾ ಇದು, ಅಕ್ಕನ ಸೆರಗು ಹಿಡ್ಕೊಂಡು ಆಟ ಬರ್ದ್ಯಾ? ಬಂದೂಕು ಹೊಡೆಯೋವಾಗ ಅವಳು ನಿನ್ನ ಕೈ ಹಿಡ್ಕೊಂಡಿರ್ತಾಳಾ?" ಎಲ್ಲರೂ ನಕ್ಕರು. ಒಬ್ಬ, "ಅಕ್ಕನ ಬಾಲ!" ಎಂದ. ಆ ಹೆಸರು ಎರಡು ವಾರ ಅಂಗಡಿಯಲ್ಲಿ ಓಡಿತು. ಅವರಲ್ಲಿ ಒಬ್ಬನ ಮುಖವೂ ಈಗ ನೆನಪಿಲ್ಲ. ಒಬ್ಬನ ಹೆಸರೂ ಗೊತ್ತಿಲ್ಲ. ಯಾರೋ ನಾಲ್ಕು ಜನರಿಗೆ ಹೆದರಿ ಮನುಷ್ಯ ಏನೇನು ಮಾಡಿಬಿಡುತ್ತಾನೆ, ಥೂ. ಟೀ ಉಕ್ಕಿ ಒಲೆಯ ಮೇಲೆ ಚೆಲ್ಲಿತು.

ಲೋಟಗಳನ್ನು ತಂದಿಡುವಷ್ಟರಲ್ಲಿ ಅವಳು ತನ್ನ ಲ್ಯಾಪ್‌ಟಾಪು ತೆರೆದು ಕೂತಿದ್ದಳು, ಪರದೆ ತುಂಬ ಅಂಕಿಗಳು. "ಸರ್, ನಿಮ್ಮ ಆಟವನ್ನ ಒಂದೊಂದು ಅಕ್ಷರ ಬಿಡಿಸಿ ಓದಿದೀನಿ. ಎರಡು ತಿಂಗಳು ಹಿಡೀತು" ಎಂದಳು. ಅವನಿಗೆ ಅದು ಹೊಗಳಿಕೆಯ ಹಾಗೆ ಕೇಳಿಸಲಿಲ್ಲ, ಯಾರೋ ತನ್ನ ಬಟ್ಟೆಯ ಪೆಟ್ಟಿಗೆ ತೆಗೆದು ಒಳಬಟ್ಟೆಗಳನ್ನು ಎಣಿಸಿದ ಹಾಗಾಯಿತು. "ಇಡೀ ಕಂಪ್ಯೂಟರಲ್ಲಿ ಇರೋದೇ ಹದಿನಾರು ಸಾವಿರ ಚಿಲ್ಲರೆ ಅಕ್ಷರದ ಜಾಗ. ನೀವು ಅದರಲ್ಲಿ ಒಂದನ್ನೂ ಪೋಲು ಮಾಡಿಲ್ಲ. ಒಂದೇ ಅಂಕೀನ ಎರಡು ಕೆಲಸಕ್ಕೆ ಬಳಸಿದೀರಿ. ಜಿಪುಣ ಅಂದ್ರೆ ಜಿಪುಣ! ಆದ್ರೆ ನಂಗೆ ಎರಡು ವಿಷಯ ಅರ್ಥ ಆಗ್ಲಿಲ್ಲ." ಬೆರಳು ಟಿವಿಯ ಕಡೆ ತಿರುಗಿತು. "ನಿಮ್ಮ ಹೆಸರಿನ ಮೇಲೆ ಒಂದು ಸಾಲು ಖಾಲಿ ಇದೆ. ಅಲ್ಲೇನಾದ್ರೂ ಇತ್ತಾ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅವನ ಕೈ ಸುಮ್ಮಸುಮ್ಮನೆ ಕುತ್ತಿಗೆಗೆ ಹೋಯಿತು. "ಅಂದಕ್ಕೆ ಬಿಟ್ಟಿದ್ದು" ಎಂದ. ಅವಳು ಪುಸ್ತಕದಲ್ಲಿ ಬರೆದುಕೊಂಡಳು. "ಇನ್ನೊಂದು, ಕೊನೇಲಿ ಇದು. ನೋಡಿ. ಸೊನ್ನೆ, ಸೊನ್ನೆ, ಸೊನ್ನೆ. ಇಪ್ಪತ್ತಾರು ಸೊನ್ನೆ. ಇಷ್ಟು ಜಿಪುಣರು ಇಲ್ಲಿ ಮಾತ್ರ ಇಪ್ಪತ್ತಾರು ಜಾಗ ಖಾಲಿ ಬಿಟ್ಟಿದೀರಿ. ಸುಮ್ನೆ ಉಳಿದಿದ್ದಲ್ಲ, ಯಾರೋ ಕೂತು ಸೊನ್ನೆ ತುಂಬಿಸಿದಾರೆ. ಯಾಕೆ ಸರ್?"

ಯಾಕೆ. ಟೀ ಬಿಸಿಯಿತ್ತು, ಉಗುಳಲೂ ಆಗದೆ ನುಂಗಲೂ ಆಗದೆ ಬಾಯಲ್ಲಿಟ್ಟುಕೊಂಡ. ಈ ಇಪ್ಪತ್ತಾರು ಅವನಿಗೆ ಮರೆತೇ ಹೋಗಿತ್ತು. ಮರೆತಿತ್ತು ಎಂದರೆ ಸುಳ್ಳು. ಮೂವತ್ತೆಂಟು ವರ್ಷ ಒಂದು ಮಾತನ್ನು ಹೇಳಿ ಹೇಳಿ ಅದರ ಕೆಳಗೆ ಇದು ಹೂತುಹೋಗಿತ್ತು. ಜಾಗ ಇರಲಿಲ್ಲ. ಅದು ಸುಳ್ಳೂ ಅಲ್ಲ. ರೇಡಿಯೊ ಅಂಗಡಿಯಿಂದ ಬಂದ ಮರುವಾರ, ಹುಳ ಸತ್ತಾಗ ಬರುವ ಸದ್ದನ್ನು ಸೇರಿಸಲು ಹೋದರೆ ಹನ್ನೆರಡು ಅಕ್ಷರದ ಜಾಗ ಕಡಿಮೆ ಬಿತ್ತು, ಎಲ್ಲಿ ಹುಡುಕಿದರೂ ಸಿಗಲಿಲ್ಲ, ಅಕ್ಕನ ಹೆಸರು ತೆಗೆದರೆ ಸರಿಯಾಗಿ ಕೂತಿತು. ಅವಳನ್ನು ಕರೆದು ಹೇಳಿದ. ಅವಳು ಪೆನ್ಸಿಲನ್ನು ಮುಡಿಗೆ ಸಿಕ್ಕಿಸಿಕೊಂಡು, "ಜಾಗ ಇಲ್ಲದಿದ್ರೆ ನೀನೇನ್ ಮಾಡ್ತೀಯೋ, ಬಿಡು. ಹುಳ ಸಾಯೋವಾಗ ಸದ್ದಾದ್ರೂ ಮಾಡ್ಲಿ" ಎಂದಳು. ಅಲ್ಲಿಗೆ ಮುಗಿದಿದ್ದರೆ ಅವನು ಇವತ್ತು ಎದೆ ಸೆಟೆಸಿಕೊಂಡು ಕೂರಬಹುದಿತ್ತು. ಮಾರನೇ ದಿನ ಮಧ್ಯಾಹ್ನ, ಅಂಕ ತೋರಿಸುವ ಭಾಗವನ್ನು ಚಿಕ್ಕದಾಗಿ ಬರೆಯುವ ಒಂದು ಉಪಾಯ ಹೊಳೆಯಿತು. ಇಪ್ಪತ್ತಾರು ಜಾಗ ವಾಪಸು ಬಂತು. ಅಕ್ಕ ಪಕ್ಕದ ಕೋಣೆಯಲ್ಲೇ ಹೊಲಿಯುತ್ತಿದ್ದಳು, ಯಂತ್ರದ ಸದ್ದು ಕೇಳಿಸುತ್ತಿತ್ತು. ಕೂಗಿ ಕರೆಯಲು ಬಾಯಿ ತೆರೆದ. ಆಮೇಲೆ ಪರದೆ ನೋಡಿದ. ಅಲ್ಲಿ ತನ್ನ ಹೆಸರು ಒಂದೇ, ಒಂಟಿಯಾಗಿ, ಚೆನ್ನಾಗಿ ಕಾಣುತ್ತಿತ್ತು. ಬಾಯಿ ಮುಚ್ಚಿದ. ಇಪ್ಪತ್ತಾರು ಸೊನ್ನೆಗಳನ್ನು ಒಂದೊಂದಾಗಿ ಕೈಯಾರೆ ಒತ್ತಿದ, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಎರಡು ದಿನ ಊಟ ಸೇರಲಿಲ್ಲ. ತನ್ನ ಹೆಸರು ಬಿಟ್ಟುಹೋದದ್ದಕ್ಕೆ ತಮ್ಮ ಕೊರಗುತ್ತಿದ್ದಾನೆಂದು ಅಕ್ಕ ತಾನೇ ತುತ್ತು ಮಾಡಿ ತಿನ್ನಿಸಿದಳು. ಅವನು ತಿಂದ.

"ನೆನಪಿಲ್ಲ" ಎಂದ ಸಂಗ್ರಹಾಲಯದವಳಿಗೆ.

"ಅಯ್ಯೋ ಪರವಾಗಿಲ್ಲ ಸರ್, ಇದೊಂದು ಒಗಟು ಅಂತಾನೇ ಗೋಡೆ ಮೇಲೆ ಹಾಕ್ತೀವಿ. ಜನಕ್ಕೆ ಒಗಟು ಇಷ್ಟ." ಒಂದು ದಪ್ಪ ಕಾರ್ಡು ತೆಗೆದು ಮುಂದಿಟ್ಟಳು. ಮುಂದಿನ ವಾರ ಆಟದ ಪಕ್ಕದಲ್ಲಿ ಇಡುವುದು. ಆಟದ ಹೆಸರು, ವರ್ಷ, ಆಮೇಲೆ: ಚಿತ್ರ, ಚಲನೆ, ಸದ್ದು, ಬರವಣಿಗೆ, ಎಲ್ಲವೂ ಒಬ್ಬರೇ. ಕೆಳಗೆ ಸಹಿಗೆ ಗೆರೆ. ಪೆನ್ನು ಅವನ ಕೈಗೆ ಬಂತು. 'ಒಬ್ಬರೇ' ಎಂಬ ಮಾತನ್ನು ಓದಿದ. ಮತ್ತೆ ಓದಿದ. ಸಹಿ ಮಾಡಿದರೆ ಇವಳು ಸಂತೋಷವಾಗಿ ಹೋಗುತ್ತಾಳೆ, ಅಕ್ಕನಿರುವ ಊರಿಗೂ ಈ ಗೋಡೆಗೂ ಏಳು ಗಂಟೆಯ ದಾರಿ, ಕಣ್ಣಿನ ಆಪರೇಷನ್ ಆದವಳು ಇದನ್ನು ನೋಡಲು ಬರುವವಳಲ್ಲ. ಯಾರಿಗೆ ಗೊತ್ತಾಗಬೇಕು? ಪೆನ್ನು ಗೆರೆಯ ಮೇಲಿಟ್ಟ. ಒಂದು ಚುಕ್ಕಿ ಬಿತ್ತು. "ಇದು ನನ್ನ ಹತ್ರ ಇರ್ಲಿ. ಸಂಜೆ ಕೊಡ್ತೀನಿ" ಎಂದ. "ತಪ್ಪೇನಾದ್ರೂ ಇದ್ಯಾ ಸರ್?" "ಇಲ್ಲ ಇಲ್ಲ, ಕನ್ನಡಕ ಹಾಕ್ಕೊಂಡು ಓದ್ಬೇಕು." ಕನ್ನಡಕ ಮೂಗಿನ ಮೇಲೇ ಇತ್ತು. ಅವಳು ನೋಡಿದಳು, ನೋಡದವಳ ಹಾಗೆ ಚೀಲ ತುಂಬತೊಡಗಿದಳು. ಒಳ್ಳೆಯ ಹುಡುಗಿ.

ಅವಳು ಹೋದ ಮೇಲೆ ಮನೆ ಬಹಳ ದೊಡ್ಡದಾಯಿತು. ಮಧ್ಯಾಹ್ನ ಏನೋ ಬೇಯಿಸಿಕೊಂಡು, ನಿಂತೇ ತಿಂದ. ಮಂಚದ ಕೆಳಗಿನಿಂದ ಒಂದು ಯಂತ್ರ ಎಳೆದು ರಿಪೇರಿಗೆ ಕೂತರೆ ತಿರುಪು ಹಿಡಿಯದು. ಹೆಸರು ಸೇರಿಸಿದರೆ ಆಯಿತಲ್ಲ ಎನಿಸಿತು, ಆಮೇಲೆ ಅದೇ ಸರಿ ಎನಿಸಿತು, ಕೊನೆಗೆ ಇಷ್ಟು ಸುಲಭದ ದಾರಿ ಇಟ್ಟುಕೊಂಡು ಮೂರು ಗಂಟೆ ಯಾಕೆ ಒದ್ದಾಡಿದೆ ಎಂದು ನಗು ಬಂತು. 'ಚಿತ್ರ, ಚಲನೆ: ಅಕ್ಕ.' ಅವಳ ಪೂರ್ತಿ ಹೆಸರು. ಸೊನ್ನೆಯ ವಿಷಯ ಎತ್ತುವುದೇ ಬೇಡ. ಒಗಟು ಒಗಟಾಗಿ ಗೋಡೆಯ ಮೇಲಿರಲಿ. ಅಕ್ಕನಿಗೆ ಸಂತೋಷ, ಸಂಗ್ರಹಾಲಯಕ್ಕೆ ಸಂತೋಷ, ತನಗೂ ಅಷ್ಟರಮಟ್ಟಿಗೆ ಪಾಪ ತೊಳೆದ ಹಾಗೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಫೋನು ಮಾಡಿದ.

ಅಕ್ಕ ಎರಡನೇ ರಿಂಗಿಗೇ ಎತ್ತಿದಳು. "ಏನೋ ಶನಿವಾರ? ಮೈಯಲ್ಲಿ ಹುಷಾರಿದೆಯಾ?" ಭಾನುವಾರ ಅವಳೇ ಮಾಡುವುದು ವಾಡಿಕೆ. ಅವನು ಹೇಳಿದ. ಸಂಗ್ರಹಾಲಯ, ಹುಳದ ಆಟ, ಗೋಡೆ, ಕಾರ್ಡು, ಚಿತ್ರ ನಿನ್ನದೆಂದು ಹಾಕಿಸುತ್ತೇನೆ ಎಂದು. ಆ ಕಡೆ ಅರವತ್ತೆರಡು ವರ್ಷದ ಹೆಂಗಸು ಇಪ್ಪತ್ತನಾಲ್ಕರವಳ ದನಿಯಲ್ಲಿ ಕಿರುಚಿದಳು. "ರೀ! ರೀ, ಇಲ್ಲಿ ಕೇಳ್ರೀ! ನನ್ನ ಹುಳ ಕಣ್ರೀ!" ಭಾವ ಹೊರಗೆಲ್ಲೋ ಇದ್ದರು, ಕೇಳಿಸಲಿಲ್ಲ. "ನಾನು ಎಲ್ಲರಿಗೂ ಹೇಳ್ತಾನೇ ಇರ್ತೀನಿ ಗೊತ್ತಾ? ನಮ್ಮ ಸೊಸೆಗೆ ಹೇಳಿ ಹೇಳಿ ಅವಳಿಗೆ ಬಾಯಿಪಾಠ ಆಗಿದೆ. ನನ್ನ ಹೆಸರೂ ಇತ್ತು, ಜಾಗ ಸಾಲಲಿಲ್ಲ, ನಮ್ಮವನು ಎರಡು ದಿನ ಊಟ ಬಿಟ್ಟು ಅತ್ತ ಅಂತ. ಅದನ್ನೂ ಬರೆಸ್ತೀಯೇನೋ? ಜಾಗ ಸಾಲದ್ದಕ್ಕೆ ಅಕ್ಕನ ಹೆಸರು ಹಾಕಕ್ಕಾಗ್ಲಿಲ್ಲ ಅಂತ? ಜನ ಓದ್ಲಿ. ಈಗಿನ ಕಾಲದಲ್ಲಿ ಒಡಹುಟ್ಟಿದೋರು ಹಂಗೆ ಎಲ್ಲಿರ್ತಾರೆ?"

ಹೂಂ ಎನ್ನಬೇಕಿತ್ತು. ಒಂದೇ ಅಕ್ಷರ. ಅವನ ಕಣ್ಣ ಮುಂದೆ ಕಾರ್ಡಿತ್ತು. ಅದರಲ್ಲಿ ಆ ಸಾಲು, ಅದರ ಪಕ್ಕದ ಗೋಡೆಯ ಮೇಲೆ ಇಪ್ಪತ್ತಾರು ಸೊನ್ನೆ, ಎರಡನ್ನೂ ಒಟ್ಟಿಗೆ ಓದುವ ಗಿಡ್ಡ ಕೂದಲಿನವಳು. ಅದಕ್ಕೆ ಹೆದರಿದನೇ? ಅಥವಾ ಬಾಯಿಗೆ ತುತ್ತಿಡುತ್ತಿದ್ದ ಆ ಕೈ ನೆನಪಾಯಿತೇ? ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ಗೊತ್ತಾಗಲಿಲ್ಲ. "ಅಕ್ಕಾ, ಜಾಗ ಇತ್ತು" ಎಂದ.

"ಏನಿತ್ತು?"

"ಜಾಗ. ಮೊದಲನೇ ದಿನ ಇರ್ಲಿಲ್ಲ, ಅದು ನಿಜ. ಮಾರನೇ ದಿನ ಸಿಕ್ತು. ನಾನು ಹಾಕ್ಲಿಲ್ಲ. ಅಂಗಡಿಲಿ ಹುಡುಗರು ಅಕ್ಕನ ಬಾಲ ಅಂತ ಆಡ್ಕೊಳ್ತಿದ್ರು. ಅದಕ್ಕೆ. ಊಟ ಬಿಟ್ಟಿದ್ದು ನಾಚಿಕೆಗೆ ಅಕ್ಕಾ, ನಿಂಗೋಸ್ಕರ ಅಲ್ಲ."

ಅವಳು ಬೈಯಲಿ ಎಂದು ಕಾದ. ಮೂವತ್ತೆಂಟು ವರ್ಷದ ಬೈಗುಳ ಒಟ್ಟಿಗೆ ಬಿದ್ದರೂ ತಲೆಬಾಗಿ ನಿಲ್ಲಲು ತಯಾರಾಗಿದ್ದ, ನಿಜ ಹೇಳಬೇಕೆಂದರೆ ಅದು ಬೀಳಲಿ ಎಂದು ಆಸೆಪಟ್ಟ. ಬೈದರೆ ಮುಗಿಯುತ್ತದೆ. ಅವಳು ಬೈಯಲಿಲ್ಲ.

"ಎಷ್ಟಿತ್ತು?" ಎಂದಳು.

"ಇಪ್ಪತ್ತಾರು."

ಅವಳು ಏನೋ ಗೊಣಗಿಕೊಂಡಳು. ಮೊದಲು ಅವನಿಗೆ ಅರ್ಥವಾಗಲಿಲ್ಲ, ಆಮೇಲೆ ಆಯಿತು: ಎಣಿಸುತ್ತಿದ್ದಳು, ಹಿಂದೆ ಹಾಳೆಯ ಮೇಲೆ ಮನೆ ಎಣಿಸುತ್ತಿದ್ದ ಹಾಗೆಯೇ, ತುಟಿಯೊಳಗೇ, ಒಂದೊಂದೇ ಅಕ್ಷರ.

"ಹನ್ನೆರಡು" ಎಂದಳು. "ಹಂಗಾದ್ರೆ ಎರಡು ಸಲ ಬರೀಬಹುದಿತ್ತಲ್ಲೋ."

ಅವನು "ಅಕ್ಕಾ" ಎಂದ. ಅಷ್ಟರಲ್ಲಿ ಆ ಕಡೆ ಬಾಗಿಲು ತೆರೆದ ಸದ್ದಾಯಿತು, ಚಪ್ಪಲಿ ಬಿಟ್ಟ ಸದ್ದಾಯಿತು, ಭಾವನ ದನಿ ದೂರದಿಂದ, "ಏನೇ ಅದು ಕೂಗಿದ್ದು? ಯಾರು ಫೋನಲ್ಲಿ, ನಿನ್ನ ತಮ್ಮನಾ? ಏನಂತೆ?" ಎಂದು ಕೇಳಿತು.

"ಏನಿಲ್ಲ ರೀ," ಎಂದಳು ಅಕ್ಕ. ಅವಳ ದನಿ ಎಂದಿನ ಹಾಗೇ ಇತ್ತು. "ಅದೇ ಹುಳದ ಆಟದ ವಿಷಯ. ಪಾಪ, ಆಗ ಜಾಗ ಸಾಲಲಿಲ್ಲ ಅಂತ ಇನ್ನೂ ಕೊರಗ್ತಾನೆ."

ಆಮೇಲೆ ಫೋನಿಟ್ಟಳು.